ಸಂಘದ ಒಂದೇ ಕಂಪ್ಯೂಟರ್, ಬಳಸೋರು ನಾಲ್ಕು ಮಂದಿ: ನೆಟ್‌ವರ್ಕ್ ಸೆಟ್ಟಿಂಗ್ ಯಾರೂ ಕೆಡಿಸದಂತೆ ಇಡೋದು ಹೇಗೆ?

ಇಳಕಲ್_ಮಗ್ಗ

ಎಲ್ಲರಿಗೂ ನಮಸ್ಕಾರ. ಇಳಕಲ್ಲಿನ ಒಂದು ನೇಕಾರರ ಸಂಘದ ಕಚೇರಿಯ ಕಂಪ್ಯೂಟರಿನ ಪ್ರಶ್ನೆ ಇದು. ಒಂದೇ ಡೆಸ್ಕ್‌ಟಾಪ್, ವಿಂಡೋಸ್ 11 ಹೋಮ್, 8 ಜಿಬಿ ರ‍್ಯಾಮ್. ಲೆಕ್ಕ ಬರೆಯುವವರು ಟ್ಯಾಲಿ ಮತ್ತು ನೂಲು ಸ್ಟಾಕಿನ ಒಂದು ಹಳೆಯ ತಂತ್ರಾಂಶ ಬಳಸುತ್ತಾರೆ. ಸೀರೆ ಆರ್ಡರ್ ನೋಡುವವರಿಗೆ ಎಕ್ಸೆಲ್, ವಾಟ್ಸ್‌ಆ್ಯಪ್ ವೆಬ್, ಟೋಪ್ ತೆನಿ ಸೆರಗಿನ ಡಿಸೈನ್ ಫೈಲುಗಳು ಬೇಕು. ಪತ್ರ ಟೈಪ್ ಮಾಡುವವರಿಗೆ ನುಡಿ. ಸಂಜೆ 5ರ ಮೇಲೆ ಸದಸ್ಯರ ಮಕ್ಕಳು ಸ್ಕಾಲರ್‌ಶಿಪ್ ಅರ್ಜಿ ತುಂಬಲು ಬರುತ್ತಾರೆ. ಇದುವರೆಗೆ ಎಲ್ಲರೂ ಪಾಸ್‌ವರ್ಡ್ ಇಲ್ಲದ ಒಂದೇ ಅಡ್ಮಿನ್ (ಎಲ್ಲ ಸೆಟ್ಟಿಂಗ್ ಬದಲಿಸುವ ಅಧಿಕಾರದ) ಖಾತೆಯಲ್ಲಿ ಕೆಲಸ ಮಾಡುತ್ತಿದ್ದರು. ಈಗ ಲೆಕ್ಕದವರಿಗೂ ಆರ್ಡರ್‌ನವರಿಗೂ ಬೇರೆ ಬೇರೆ ಸ್ಟ್ಯಾಂಡರ್ಡ್ (ಸೀಮಿತ ಅಧಿಕಾರದ) ಖಾತೆ ಆಗಿದೆ.

ಫೈಬರ್ ಸಂಪರ್ಕ, ರೌಟರ್ ವಿಳಾಸ 192.168.1.1. ವೈಫೈ ಮೇಲೆ ಒಂದು ಲೇಸರ್ ಪ್ರಿಂಟರ್. ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆಗೆ (ಡಿವಿಆರ್) 192.168.1.108 ಎಂದು ಸ್ಥಿರ ವಿಳಾಸ ಇದೆ. ರೌಟರಿನ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ ಏರ್ಪಾಡು) 192.168.1.100 ರಿಂದ 199 ರವರೆಗೆ ಹಂಚುತ್ತದೆ.

ತೊಂದರೆಗಳು ಇವು. ಒಬ್ಬರ ಖಾತೆಯಲ್ಲಿ ಯಾವ ಸೈಟೂ ತೆರೆಯದು, ಇನ್ನೊಬ್ಬರ ಖಾತೆಯಲ್ಲಿ ಅದೇ ಹೊತ್ತಿಗೆ ಸರಿಯಾಗಿ ತೆರೆಯುತ್ತದೆ. ಪ್ರಿಂಟರ್ ಆಗಾಗ ಆಫ್‌ಲೈನ್ ಎನ್ನುತ್ತದೆ. ನೂಲು ಸ್ಟಾಕಿನ ತಂತ್ರಾಂಶದಲ್ಲಿ ಒಬ್ಬರು ಹಾಕಿದ ಎಂಟ್ರಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಡಿ ಡ್ರೈವಿನಲ್ಲಿದ್ದ ಡಿಸೈನ್ ಫೋಲ್ಡರ್ ಒಮ್ಮೆ ಅಳಿಸಿಹೋಗಿತ್ತು, ಪೆನ್‌ಡ್ರೈವಿನಿಂದ ತಿರುಗಿ ಹಾಕಿದ್ದಾಯಿತು. ಎಲ್ಲರ ಕೆಲಸವೂ ನಡೆಯಬೇಕು, ಆದರೆ ಸೆಟ್ಟಿಂಗ್ ಮುಟ್ಟುವ ಅಧಿಕಾರ ಒಬ್ಬರಿಗೇ ಇರಬೇಕು. ಹೇಗೆ?

---

ಟಿಳಕವಾಡಿ_ಸಿಸ್ಟಮ್ಸ್

ಇಳಕಲ್ ಸರ್, ನಿಮ್ಮ ಹೆಚ್ಚಿನ ತೊಂದರೆಗಳ ಬೇರು ಒಂದೇ. ವಿಂಡೋಸಿನಲ್ಲಿ ಕೆಲವು ಸೆಟ್ಟಿಂಗ್ ಯಂತ್ರದ್ದು, ಕೆಲವು ಖಾತೆಯದ್ದು. ಯಾವುದು ಯಾವ ಕಡೆಯದ್ದು ಎಂದು ಮೊದಲು ಗೊತ್ತಾದರೆ ಯಾರಿಗೆ ಏನು ಬಿಡಬೇಕು, ಏನು ಬಿಡಬಾರದು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಯಂತ್ರದ್ದು: ಅಡಾಪ್ಟರಿನ ಐಪಿ ವಿಳಾಸ, ಅಲ್ಲಿ ಕೊಟ್ಟ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡುವ ಸೇವೆ), ಅಡಾಪ್ಟರ್ ಚಾಲೂ ಅಥವಾ ಬಂದ್ ಮಾಡುವುದು, ಫೈರ್‌ವಾಲ್, ಹೋಸ್ಟ್ಸ್ ಫೈಲು, ಡ್ರೈವರ್. ಸ್ಟ್ಯಾಂಡರ್ಡ್ ಖಾತೆಯವರು ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಇವನ್ನು ಬದಲಿಸಲಾರರು.

ಖಾತೆಯದ್ದು: ಪ್ರಾಕ್ಸಿ (ಬ್ರೌಸರ್ ನೆಟ್‌ಗೆ ಹೋಗುವಾಗ ಹಾಯುವ ನಡುವಿನ ಸರ್ವರ್), ತಾವೇ ಸೇರಿಸಿಕೊಂಡ ವಿಪಿಎನ್, ಬ್ರೌಸರಿನೊಳಗಿನ ಸೆಕ್ಯೂರ್ ಡಿಎನ್‌ಎಸ್, ಬ್ರೌಸರ್ ಎಕ್ಸ್‌ಟೆನ್ಶನ್, ಡೀಫಾಲ್ಟ್ ಪ್ರಿಂಟರ್. ಇವನ್ನು ಸ್ಟ್ಯಾಂಡರ್ಡ್ ಖಾತೆಯವರೂ ಬದಲಿಸಬಹುದು. ಇವುಗಳ ಜೊತೆಗೆ ಏರ್‌ಪ್ಲೇನ್ ಮೋಡ್ ಒತ್ತುವುದು, ವೈಫೈ ಬದಲಿಸಿ ಯಾರದೋ ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸುವುದು ಕೂಡ ಎಲ್ಲರ ಕೈಯಲ್ಲೂ ಇದೆ, ಮತ್ತು ಅದರ ಪರಿಣಾಮ ಇಡೀ ಯಂತ್ರದ ಮೇಲೆ ಆಗುತ್ತದೆ.

ಒಬ್ಬರ ಖಾತೆಯಲ್ಲಷ್ಟೇ ನೆಟ್ ಇಲ್ಲ ಎಂದರೆ ರೌಟರ್ ಮುಟ್ಟಬೇಡಿ. ಬಹುಪಾಲು ಅದು ಪ್ರಾಕ್ಸಿ. ಉಚಿತ ವಿಪಿಎನ್ ಹಾಕಿ ತೆಗೆದಾಗ ಪ್ರಾಕ್ಸಿ ಜಾಗದಲ್ಲಿ 127.0.0.1 (ಅಂದರೆ ಇದೇ ಕಂಪ್ಯೂಟರ್) ಮತ್ತು ಒಂದು ಪೋರ್ಟ್ ಸಂಖ್ಯೆ ಉಳಿದುಬಿಡುತ್ತದೆ. ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವ ಪ್ರೋಗ್ರಾಮೇ ಈಗ ಇಲ್ಲ, ಹಾಗಾಗಿ ಬ್ರೌಸರ್ ಗೋಡೆಗೆ ಹಾಯುತ್ತದೆ. 8.8.8.8 ಗೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾತ್ರ ಸಲೀಸಾಗಿ ಹೋಗುತ್ತದೆ, ಏಕೆಂದರೆ ಪಿಂಗ್ ಪ್ರಾಕ್ಸಿಯನ್ನು ಕೇಳುವುದೇ ಇಲ್ಲ. ಆ ವ್ಯಕ್ತಿಯ ಖಾತೆಯಲ್ಲೇ ಸೆಟ್ಟಿಂಗ್ಸ್ → ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್ → ಪ್ರಾಕ್ಸಿ ತೆರೆದು "ಯೂಸ್ ಎ ಪ್ರಾಕ್ಸಿ ಸರ್ವರ್" ಆಫ್ ಮಾಡಿ. ಅಡ್ಮಿನ್ ಖಾತೆಗೆ ಹೋಗಿ ಹುಡುಕಿದರೆ ಅಲ್ಲಿ ಏನೂ ಕಾಣುವುದಿಲ್ಲ; ಅದು ಅಡ್ಮಿನ್ನಿನ ಸ್ವಂತ ಪ್ರಾಕ್ಸಿ ಪುಟ.

ಪ್ರಾಕ್ಸಿಯನ್ನೂ ಯಂತ್ರದ ಸೆಟ್ಟಿಂಗ್ ಮಾಡಿಬಿಡಬಹುದು. ಹೋಮ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲದ್ದರಿಂದ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ದಾಖಲೆಯಲ್ಲಿ, ಮಾಡಬೇಕು. ಎಚ್‌ಕೆಇವೈ ಲೋಕಲ್ ಮಷೀನ್ → ಸಾಫ್ಟ್‌ವೇರ್ → ಪಾಲಿಸೀಸ್ → ಮೈಕ್ರೋಸಾಫ್ಟ್ → ವಿಂಡೋಸ್ → ಕರೆಂಟ್‌ವರ್ಷನ್ → ಇಂಟರ್‌ನೆಟ್ ಸೆಟ್ಟಿಂಗ್ಸ್ ಎಂಬ ಕೀಯಲ್ಲಿ, ಇಲ್ಲದಿದ್ದರೆ ಅದನ್ನು ಮಾಡಿಕೊಂಡು, "ಪ್ರಾಕ್ಸಿಸೆಟ್ಟಿಂಗ್ಸ್‌ಪರ್‌ಯೂಸರ್" ಎಂಬ ಡಿವರ್ಡ್ (ಸಂಖ್ಯೆ ಇಡುವ ನಮೂದು) ಹಾಕಿ ಬೆಲೆ 0 ಕೊಡಿ. ನಾಲ್ಕು ಪದಗಳ ನಡುವೆ ಜಾಗ ಬಿಡಬೇಡಿ. ರೀಸ್ಟಾರ್ಟ್ ಆದ ಮೇಲೆ ಅಡ್ಮಿನ್ ಇಟ್ಟದ್ದೇ ಎಲ್ಲರಿಗೂ. ಮುಟ್ಟುವ ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ಇನ್ನು ಖಾತೆಗಳ ವಿಷಯ. ಹಳೆಯ ಅಡ್ಮಿನ್ ಖಾತೆಯನ್ನು ಅಳಿಸಬೇಡಿ. ಹೊಸ ಅಡ್ಮಿನ್ ಮಾಡಿ, ಹಳೆಯದನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಆಗ ಹಳೆಯ ಡೆಸ್ಕ್‌ಟಾಪ್, ಬ್ರೌಸರ್ ಗುರುತುಗಳು, ಟ್ಯಾಲಿ ಎಲ್ಲ ಇದ್ದಲ್ಲೇ ಇರುತ್ತವೆ. ಸೆಟ್ಟಿಂಗ್ಸ್ → ಅಕೌಂಟ್ಸ್ → ಅದರ್ ಯೂಸರ್ಸ್ → ಆ್ಯಡ್ ಅಕೌಂಟ್. ಅಲ್ಲಿ ಇಮೇಲ್ ಕೇಳಿದಾಗ "ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್ ಇನ್ ಇನ್ಫರ್ಮೇಶನ್", ಮುಂದಿನ ಪುಟದಲ್ಲಿ "ಆ್ಯಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್" ಒತ್ತಿ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗವಿಲ್ಲದೆ ಕೊಡಿ. ಖಾತೆಯ ಹೆಸರು ಕನ್ನಡದಲ್ಲಿದ್ದರೆ ಯೂಸರ್ ಫೋಲ್ಡರಿನ ಹೆಸರೂ ಕನ್ನಡದಲ್ಲೇ ಆಗಿ, ಯುನಿಕೋಡ್ ತಿಳಿಯದ ಹಳೆಯ ತಂತ್ರಾಂಶಗಳು ಫೈಲು ಸಿಗದೆ ನಿಲ್ಲುತ್ತವೆ. ಪರದೆಯ ಮೇಲೆ ತೋರುವ ಪೂರ್ಣ ಹೆಸರನ್ನು ಆಮೇಲೆ ಕನ್ನಡಕ್ಕೆ ಬದಲಿಸಬಹುದು, ಫೋಲ್ಡರ್ ಹಾಗೇ ಇರುತ್ತದೆ.

ಹೊಸ ಖಾತೆಗೆ "ಚೇಂಜ್ ಅಕೌಂಟ್ ಟೈಪ್" ಮೂಲಕ ಅಡ್ಮಿನ್ ಕೊಟ್ಟು, ಒಮ್ಮೆ ಅದರಲ್ಲೇ ಲಾಗಿನ್ ಆಗಿ, ಏನಾದರೂ ಒಂದು ಅಡ್ಮಿನ್ ಕೆಲಸ ನಡೆಯುತ್ತದೆಯೇ ನೋಡಿ. ಆಮೇಲಷ್ಟೇ ಹಳೆಯದನ್ನು ಇಳಿಸಿ. ಪಾಸ್‌ವರ್ಡ್ ಕಡ್ಡಾಯ, ಏಕೆಂದರೆ ಖಾಲಿ ಪಾಸ್‌ವರ್ಡಿನ ಅಡ್ಮಿನ್ ಇದ್ದರೆ ಅನುಮತಿ ಕೇಳುವ ಕಿಟಕಿಯಲ್ಲಿ ಯಾರು ಬೇಕಾದರೂ ಸುಮ್ಮನೆ "ಯೆಸ್" ಒತ್ತಿ ದಾಟುತ್ತಾರೆ. ಆ ಪಾಸ್‌ವರ್ಡ್ ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಅಂಟಿಸಿ, ಸಂಘದ ತಿಜೋರಿಯಲ್ಲಿಡಿ. ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕೂಡ ಅದೇ ಲಕೋಟೆಗೆ. ಅಧಿಕಾರ ಒಬ್ಬರಿಗೇ ಇರಲಿ, ಸರಿ; ಆದರೆ ಅವರು ಊರಲ್ಲಿಲ್ಲದ ದಿನ ಸಂಘದ ಕೆಲಸ ನಿಲ್ಲಬಾರದು.

---

ಗುಮ್ಮಟ_ನೆಟ್‌ವರ್ಕ್

ಖಾತೆ ವಿಷಯ ಮ್ಯಾಲಿನವ್ರು ಛಲೋ ಹೇಳ್ಯಾರ. ನಾ ನೆಟ್‌ವರ್ಕ್ ಕಡೆ ಬರ್ತೀನ್ರಿ.

ನಿಮ್ಮ ಪ್ರಶ್ನೆ ಒಳಗ ಉತ್ತರ ಅದ. ಡಿವಿಆರ್ 108 ರ ಮ್ಯಾಲ ಕೂತದ, ರೌಟರ್ 100 ರಿಂದ 199 ಹಂಚ್ತದ. 108 ಆಗಲೇ ಒಬ್ಬರ ಕಡೆ ಅದ ಅನ್ನೋದು ರೌಟರಿನ ಪಟ್ಟಿ ಒಳಗ ಇಲ್ಲ, ಯಾಕಂದ್ರ ಡಿವಿಆರ್ ಅದನ್ನ ಕೇಳಿ ತಗೊಂಡಿಲ್ಲ. ಯಾವಾಗರ ಒಮ್ಮೆ ಅದೇ ನಂಬರ್ ಪ್ರಿಂಟರಿಗೋ ಯಾರದರ ಫೋನಿಗೋ ಕೊಡ್ತದ. ಎರಡಕ್ಕೂ ಒಂದೇ ವಿಳಾಸ ಆದ್ರ ಎರಡೂ ಬಿಟ್ಟು ಬಿಟ್ಟು ನಡೀತಾವ. ಕೆಲವು ರೌಟರ್ ಕೊಡೋಕಿಂತ ಮೊದಲು ಪಿಂಗ್ ಮಾಡಿ ನೋಡ್ತಾವ, ಆದ್ರ ಆ ಹೊತ್ತಿಗೆ ಡಿವಿಆರ್ ಬಂದ್ ಇದ್ರ ಅದೂ ಉಪಯೋಗಿಲ್ಲ.

ಡಿವಿಆರ್ ಮುಟ್ಟಬ್ಯಾಡ್ರಿ. ಫೋನಿನ ಮ್ಯಾಲ ಕ್ಯಾಮೆರಾ ನೋಡೋದು ಆ ವಿಳಾಸಕ್ಕ ಕಟ್ಟಿರಬಹುದು. ಪೂಲ್, ಅಂದ್ರ ರೌಟರ್ ಹಂಚೋ ನಂಬರಿನ ಸಾಲು, ಸರಸ್ರಿ: ರೌಟರ್ ಪುಟದಾಗ ಲ್ಯಾನ್ ಅಥವಾ ಡಿಎಚ್‌ಸಿಪಿ ಸರ್ವರ್ ಅನ್ನೋದರೊಳಗ ಶುರು 192.168.1.150, ಕೊನಿ 192.168.1.220. 150 ರ ಕೆಳಗಿಂದೆಲ್ಲಾ ನಿಮ್ಮ ಕೈಯಾಗಿನ ಸ್ಥಿರ ವಿಳಾಸ. ಎಲ್ಲಾ ಫೋನು, ಕಂಪ್ಯೂಟರ್ ಒಮ್ಮೆ ಬಿಟ್ಟು ಮತ್ತ ಸೇರಿಸ್ರಿ, ಇಲ್ಲಾಂದ್ರ ಹಳೆ ಲೀಸ್ (ನಂಬರ್ ಕೊಟ್ಟ ಅವಧಿ) ಮುಗಿಯೂ ತನಕ ಹಳೆ ನಂಬರೇ ಹಿಡಕೊಂಡಿರ್ತಾವ.

ಪ್ರಿಂಟರಿಗೆ ವಿಳಾಸ ಪ್ರಿಂಟರ್ ಮ್ಯಾಲೂ ಹಾಕಬ್ಯಾಡ್ರಿ, ಕಂಪ್ಯೂಟರ್ ಮ್ಯಾಲಂತೂ ಬ್ಯಾಡೇ ಬ್ಯಾಡ. ರೌಟರ್ ಒಳಗ ರಿಸರ್ವೇಶನ್ ಮಾಡ್ರಿ, ಅಂದ್ರ ಆ ಪ್ರಿಂಟರಿಗೆ ಯಾವಾಗಲೂ ಅದೇ ನಂಬರ್ ಕೊಡು ಅಂತ ಬರದಿಡ್ರಿ. ಅದಕ್ಕ ಅಡ್ರೆಸ್ ರಿಸರ್ವೇಶನ್ ಅಂತಾನೋ ಸ್ಟ್ಯಾಟಿಕ್ ಡಿಎಚ್‌ಸಿಪಿ ಅಂತಾನೋ ಹೆಸರಿರ್ತದ. ಪ್ರಿಂಟರಿನ ಮ್ಯಾಕ್ ವಿಳಾಸ (ನೆಟ್‌ವರ್ಕಿನ್ಯಾಗ ಆ ಯಂತ್ರದ ಸ್ವಂತ ಗುರ್ತಿನ ನಂಬರ್) ಅದರ ಕಾನ್ಫಿಗರೇಶನ್ ಪೇಜ್ ಪ್ರಿಂಟ್ ತಗದ್ರ ಸಿಗ್ತದ. ಅದಕ್ಕ 192.168.1.50 ಕೊಡ್ರಿ. ಕೆಲವು ರೌಟರ್ ಪೂಲ್ ಒಳಗಿನ ನಂಬರೇ ಬೇಕಂತಾವ, ಹಂಗಿದ್ರ 150 ಕೊಡ್ರಿ, ಅಡ್ಡಿ ಇಲ್ಲ. ಹಿಂಗ ಮಾಡಿದ್ರ ಎಲ್ಲಾ ವಿಳಾಸ ಒಂದೇ ಕಡೆ ಬರದಂಗ ಆಗ್ತದ, ನಾಳೆ ಬ್ಯಾರೆಯವ್ರು ನೋಡಿದ್ರೂ ತಿಳೀತದ.

ಆಮ್ಯಾಲ ಕಂಪ್ಯೂಟರ್ ಕಡೆ. ಪ್ರಿಂಟರ್ ತಾನಾಗಿ ಸೇರಿದ್ರ ವಿಂಡೋಸ್ ಬಹಳ ಸಲ ಡಬ್ಲ್ಯೂಎಸ್‌ಡಿ ಪೋರ್ಟ್ ಮಾಡ್ಕೋತದ. ಅದು ನೆಟ್‌ವರ್ಕಿನ್ಯಾಗ ಕೂಗಿ ಹುಡುಕೋ ಪದ್ಧತಿ. ಕೂಗು ಮುಟ್ಟಲಿಲ್ಲ ಅಂದ್ರ ಆಫ್‌ಲೈನ್. ಅದನ್ನ ತಗದು, ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್ → ಆ್ಯಡ್ ಡಿವೈಸ್ → ಆ್ಯಡ್ ಮ್ಯಾನುಯಲಿ → ಐಪಿ ವಿಳಾಸದಿಂದ ಸೇರಿಸು ಅನ್ನೋದು ಆರಿಸಿ, ಡಿವೈಸ್ ಟೈಪ್ "ಟಿಸಿಪಿ ಐಪಿ ಡಿವೈಸ್" ಇಟ್ಟು, 192.168.1.50 ಕೊಡ್ರಿ. ಪೋರ್ಟ್ ರಾ, 9100. ಪೋರ್ಟ್ ಕಾನ್ಫಿಗರ್ ಒಳಗ "ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್" ಟಿಕ್ ತಗೀರಿ. ಎಸ್‌ಎನ್‌ಎಂಪಿ ಅಂದ್ರ ಪ್ರಿಂಟರ್ ಹೆಂಗದ ಅಂತ ವಿಂಡೋಸ್ ಕೇಳೋ ಪ್ರಶ್ನೆ; ಪ್ರಿಂಟರ್ ಅದಕ್ಕ ಉತ್ತರ ಕೊಡಲಿಲ್ಲ ಅಂದ್ರ, ಪ್ರಿಂಟರ್ ಛಲೋ ಇದ್ರೂ ವಿಂಡೋಸ್ ಆಫ್‌ಲೈನ್ ಅಂತ ತೋರಿಸ್ತದ.

ಇಷ್ಟೂ ಅಡ್ಮಿನ್ ಖಾತೆಯಿಂದ ಮಾಡ್ರಿ. ಐಪಿ ಪೋರ್ಟಿನ ಪ್ರಿಂಟರ್ ಯಂತ್ರದ್ದು, ಎಲ್ಲಾ ಖಾತೆಗೂ ಕಾಣ್ತದ. ಡೀಫಾಲ್ಟ್ ಪ್ರಿಂಟರ್ ಮಾತ್ರ ಖಾತೆಯದ್ದು: ಪ್ರತಿ ಖಾತೆಯೊಳಗೂ ಹೋಗಿ "ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್" ಆಫ್ ಮಾಡ್ರಿ, ಇಲ್ಲಾಂದ್ರ ಒಮ್ಮೆ ಪಿಡಿಎಫ್‌ಗೆ ಪ್ರಿಂಟ್ ಕೊಟ್ರ ಮುಂದಿಂದು ಕಾಗದದ ಮ್ಯಾಲ ಬರೂದಿಲ್ಲ.

ಇನ್ನೊಂದು. ಒಬ್ಬರ ಪ್ರಿಂಟ್ ಕ್ಯೂದಾಗ ಸಿಕ್ಕೊಂಡ್ರ ಇನ್ನೊಬ್ಬ ಸ್ಟ್ಯಾಂಡರ್ಡ್ ಖಾತೆಯವ್ರು ಅದನ್ನ ತಗ್ಯಾಕ ಬರೂದಿಲ್ಲ. ಅವರವರ ಕಾಗದ ಅವರವರ ಅಧಿಕಾರ. ಪ್ರಿಂಟರ್ ಪ್ರಾಪರ್ಟೀಸ್ → ಸೆಕ್ಯುರಿಟಿ ಒಳಗ ಲೆಕ್ಕದವ್ರಿಗೆ "ಮ್ಯಾನೇಜ್ ಡಾಕ್ಯುಮೆಂಟ್ಸ್" ಕೊಡ್ರಿ. "ಮ್ಯಾನೇಜ್ ದಿಸ್ ಪ್ರಿಂಟರ್" ಕೊಡಬ್ಯಾಡ್ರಿ, ಅದು ಕೊಟ್ರ ಪೋರ್ಟೇ ಬದಲಿ ಮಾಡಬಹುದು.

ಡೆಸ್ಕ್‌ಟಾಪ್ ಅಂದ್ರಿ, ಅದು ಜಾಗ ಬಿಟ್ಟು ಹೋಗೂದಿಲ್ಲ. ರೌಟರಿನಿಂದ ಕ್ಯಾಟ್ 6 ಕೇಬಲ್ ಎಳೀರಿ, 100 ಮೀಟರ್ ತನಕ ನಡೀತದ. ಆಮ್ಯಾಲ ಡಿವೈಸ್ ಮ್ಯಾನೇಜರ್ ಒಳಗ ವೈಫೈ ಅಡಾಪ್ಟರ್ ಡಿಸೇಬಲ್. ಅಡ್ಮಿನ್ ಬಿಟ್ಟು ಯಾರೂ ಮತ್ತ ಎನೇಬಲ್ ಮಾಡಾಕಾಗೂದಿಲ್ಲ. ಏರ್‌ಪ್ಲೇನ್ ಮೋಡು, ಹಾಟ್‌ಸ್ಪಾಟು, "ಫರ್ಗೆಟ್" ಒತ್ತೋದು, ಈ ಮೂರೂ ತಂಟೆ ಒಂದೇ ಏಟಿಗೆ ಮುಗೀತಾವ. ಕೇಬಲ್ ಎಳಿಯಾಕ ಬರೂದಿಲ್ಲ ಅಂದ್ರ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ದಾಗ ಎರಡು ಸಾಲು ಕೊಡ್ರಿ (ಟೈಪ್ ಮಾಡೂವಾಗ ಇಂಗ್ಲಿಷ್ ಅಕ್ಷರ):

ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಆ್ಯಡ್ ಫಿಲ್ಟರ್ ಪರ್ಮಿಶನ್=ಅಲೌ ಎಸ್‌ಎಸ್‌ಐಡಿ="ಸಂಘದ ವೈಫೈ ಹೆಸರು" ನೆಟ್‌ವರ್ಕ್‌ಟೈಪ್=ಇನ್‌ಫ್ರಾಸ್ಟ್ರಕ್ಚರ್

ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಆ್ಯಡ್ ಫಿಲ್ಟರ್ ಪರ್ಮಿಶನ್=ಡಿನೈಆಲ್ ನೆಟ್‌ವರ್ಕ್‌ಟೈಪ್=ಇನ್‌ಫ್ರಾಸ್ಟ್ರಕ್ಚರ್

ಅಲೌ ಮೊದಲು, ಡಿನೈಆಲ್ ಆಮ್ಯಾಲ. ತಿರುವು ಮುರುವು ಮಾಡಿದ್ರ ನಿಮ್ಮ ವೈಫೈನೂ ಕಡದ್ಹೋಗ್ತದ. ಏನೇನು ಹಾಕೀರಿ ಅನ್ನೋದು "ಶೋ ಫಿಲ್ಟರ್ಸ್" ಕೊಟ್ರ ಕಾಣ್ತದ.

---

ಇಳಕಲ್_ಮಗ್ಗ

ಇಬ್ಬರಿಗೂ ಧನ್ಯವಾದ ಸರ್. ಪೂಲ್ ಸರಿಸಿದ ಮೇಲೆ ಪ್ರಿಂಟರ್ ಕಾಣಿಸುತ್ತಿದೆ. ಪ್ರಾಕ್ಸಿಯಲ್ಲಿ ನೀವು ಹೇಳಿದ 127.0.0.1 ಇತ್ತು, ತೆಗೆದಾಯಿತು. ಈಗ ಎರಡು ಪ್ರಶ್ನೆ. ನೂಲು ಸ್ಟಾಕಿನ ತಂತ್ರಾಂಶದ ಎಂಟ್ರಿಗಳು ಎಲ್ಲಿ ಹೋಗುತ್ತಿವೆ? ಅದರ ಡೇಟಾ ಸಿ ಡ್ರೈವಿನ ಪ್ರೋಗ್ರಾಮ್ ಫೈಲ್ಸ್ ಎಕ್ಸ್86 ಒಳಗೇ ಇದೆ. ಮತ್ತು ಡಿ ಡ್ರೈವಿನ ಫೋಲ್ಡರಿಗೆ ಬೀಗ ಹಾಕುವುದು ಹೇಗೆ? ಹೋಮ್ ಆವೃತ್ತಿಯಲ್ಲಿ ಆಗುತ್ತದೆಯೋ, ಪ್ರೊ ಕೊಳ್ಳಬೇಕೋ?

---

ಟಿಳಕವಾಡಿ_ಸಿಸ್ಟಮ್ಸ್

ಮೊದಲು ಒಂದು ಮಾತು: ಎಲ್ಲರೂ ಆ ತಂತ್ರಾಂಶದಲ್ಲಿ ಹೊಸ ಎಂಟ್ರಿ ಹಾಕುವುದನ್ನು ಈಗಲೇ ನಿಲ್ಲಿಸಿ. ತಡವಾದಷ್ಟೂ ಲೆಕ್ಕ ಕವಲೊಡೆಯುತ್ತದೆ.

ಆಗುತ್ತಿರುವುದು ಇಷ್ಟು. ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ಸ್ಟ್ಯಾಂಡರ್ಡ್ ಖಾತೆಗೆ ಅನುಮತಿ ಇಲ್ಲ. ಹಳೆಯ 32 ಬಿಟ್ ತಂತ್ರಾಂಶ ಅಲ್ಲಿ ಬರೆಯಲು ಹೋದಾಗ ವಿಂಡೋಸ್ ಬೈಯುವ ಬದಲು ಮೌನವಾಗಿ ಆ ಫೈಲಿನ ಪ್ರತಿ ಮಾಡಿ ಆ ವ್ಯಕ್ತಿಯ ಸ್ವಂತ ಜಾಗದಲ್ಲಿ ಇಡುತ್ತದೆ. ಜಾಗ: ಸಿ ಡ್ರೈವ್ → ಯೂಸರ್ಸ್ → ಖಾತೆಯ ಹೆಸರು → ಆ್ಯಪ್‌ಡೇಟಾ → ಲೋಕಲ್ → ವರ್ಚುವಲ್‌ಸ್ಟೋರ್. ಆ್ಯಪ್‌ಡೇಟಾ ಅಡಗಿರುವ ಫೋಲ್ಡರ್, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದರೆ ಕಾಣುತ್ತದೆ. ಅಂದಿನಿಂದ ತಂತ್ರಾಂಶ ಆ ಖಾತೆಯಲ್ಲಿ ಆ ಪ್ರತಿಯನ್ನೇ ಓದುತ್ತದೆ, ಬರೆಯುತ್ತದೆ. ಹೀಗಾಗಿ ಬೇರೆ ಖಾತೆ ಮಾಡಿದ ದಿನದವರೆಗಿನ ಲೆಕ್ಕ ಎಲ್ಲರಿಗೂ ಒಂದೇ ಇರುತ್ತದೆ, ಅಲ್ಲಿಂದ ಮುಂದಿನದು ಪ್ರತಿಯೊಬ್ಬರಿಗೂ ಬೇರೆ. ನಿಮ್ಮಲ್ಲಿ ಹಾಗೇ ಇದ್ದರೆ ಕಾರಣ ಖಚಿತ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪಟ್ಟಿಗೆ "ಯುಎಸಿ ವರ್ಚುವಲೈಸೇಶನ್" ಕಾಲಂ ಸೇರಿಸಿದರೆ ಆ ತಂತ್ರಾಂಶದ ಮುಂದೆ "ಎನೇಬಲ್ಡ್" ಎಂದಿರುವುದೂ ಕಾಣುತ್ತದೆ.

ಸರಿಪಡಿಸುವುದು ಹೀಗೆ. ಮೊದಲು ಎಲ್ಲ ಪ್ರತಿಗಳನ್ನೂ, ಅಂದರೆ ಪ್ರೋಗ್ರಾಮ್ ಫೈಲ್ಸ್ ಒಳಗಿನದು ಮತ್ತು ಪ್ರತಿ ಖಾತೆಯ ವರ್ಚುವಲ್‌ಸ್ಟೋರ್ ಒಳಗಿನದು, ಪೆನ್‌ಡ್ರೈವಿನಲ್ಲಿ ಬೇರೆ ಬೇರೆ ಹೆಸರಿನ ಫೋಲ್ಡರಿಗೆ ಹಾಕಿ. ಪ್ರತಿ ಖಾತೆಯಿಂದ ಖಾತೆ ಬೇರೆಯಾದ ದಿನದ ನಂತರದ ವರದಿ ಪ್ರಿಂಟ್ ತೆಗೆಯಿರಿ. ಹೆಚ್ಚು ಎಂಟ್ರಿ ಇರುವ ಪ್ರತಿಯನ್ನು ಅಸಲು ಎಂದು ತೀರ್ಮಾನಿಸಿ ಪ್ರೋಗ್ರಾಮ್ ಫೈಲ್ಸ್‌ನಲ್ಲಿರುವುದರ ಜಾಗಕ್ಕೆ ಇಡಿ. ಆ ತಂತ್ರಾಂಶದ ಡೇಟಾ ಫೋಲ್ಡರಿಗೆ ಮಾತ್ರ ಬಳಸುವವರಿಗೆ "ಮಾಡಿಫೈ" ಅನುಮತಿ ಕೊಡಿ. ಇಲ್ಲಿಗೆ ಮುಗಿಯಿತು ಎಂದುಕೊಂಡು ಬಹಳ ಜನ ನಿಲ್ಲಿಸುತ್ತಾರೆ. ಆದರೆ ವರ್ಚುವಲ್‌ಸ್ಟೋರಿನಲ್ಲಿ ಹಳೆಯ ಪ್ರತಿ ಇರುವ ತನಕ ತಂತ್ರಾಂಶ ಅದನ್ನೇ ತೆರೆಯುತ್ತದೆ. ಪ್ರತಿ ಖಾತೆಯಲ್ಲೂ ಆ ಫೋಲ್ಡರಿನ ಹೆಸರು ಬದಲಿಸಲೇಬೇಕು. ಆಮೇಲೆ ಉಳಿದವರ ಎಂಟ್ರಿಗಳನ್ನು ಪ್ರಿಂಟ್ ನೋಡಿ ಕೈಯಾರೆ ಸೇರಿಸಿ. ಡೇಟಾಬೇಸ್ ಫೈಲುಗಳನ್ನು ಒಂದರ ಮೇಲೊಂದು ನಕಲಿಸಿ ಕೂಡಿಸಲು ಹೋಗಬೇಡಿ, ಒಂದು ಇನ್ನೊಂದನ್ನು ನುಂಗುತ್ತದೆ.

ದಯವಿಟ್ಟು "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ದಾರಿ ಹಿಡಿಯಬೇಡಿ. ತಂತ್ರಾಂಶ ಬರೆಯಬೇಕಾದದ್ದು ಒಂದು ಫೋಲ್ಡರಿಗೆ. ಅದಕ್ಕಾಗಿ ಇಡೀ ಯಂತ್ರದ ಬೀಗದ ಕೈ ಹಂಚುವುದು ಸಲ್ಲ. ಎಷ್ಟೋ ಕಚೇರಿಗಳಲ್ಲಿ ಎಲ್ಲರೂ ಅಡ್ಮಿನ್ ಆಗಿರುವುದು ಇಂಥ ಒಂದೇ ಒಂದು ತಂತ್ರಾಂಶಕ್ಕಾಗಿ.

ಡಿ ಡ್ರೈವಿಗೆ ಬರುತ್ತೇನೆ. ಸಿ ಬಿಟ್ಟು ಬೇರೆ ಡ್ರೈವುಗಳನ್ನು ವಿಂಡೋಸ್ ಫಾರ್ಮ್ಯಾಟ್ ಮಾಡಿದಾಗ "ಅಥೆಂಟಿಕೇಟೆಡ್ ಯೂಸರ್ಸ್" ಎಂಬ ಗುಂಪಿಗೆ ಮಾಡಿಫೈ ಕೊಟ್ಟಿರುತ್ತದೆ, ಅಂದರೆ ಲಾಗಿನ್ ಆದ ಯಾರು ಬೇಕಾದರೂ ಯಾವುದನ್ನು ಬೇಕಾದರೂ ಅಳಿಸಬಹುದು. ಸ್ಟ್ಯಾಂಡರ್ಡ್ ಖಾತೆ ಮಾಡಿದ ಮಾತ್ರಕ್ಕೆ ಡಿ ಡ್ರೈವ್ ಭದ್ರವಾಗುವುದಿಲ್ಲ.

ಪ್ರೊ ಬೇಕಿಲ್ಲ. ಫೋಲ್ಡರಿನ ಸೆಕ್ಯುರಿಟಿ ಟ್ಯಾಬ್ ಹೋಮ್‌ನಲ್ಲೂ ಇದೆ. ಗುಂಪು ಮಾಡುವ ಕಿಟಕಿ ಇಲ್ಲ, ಆದರೆ ಕಮಾಂಡ್ ಇದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ "ನೆಟ್ ಲೋಕಲ್‌ಗ್ರೂಪ್ ಗುಂಪಿನಹೆಸರು /ಆ್ಯಡ್" ಎಂದರೆ ಗುಂಪು ಹುಟ್ಟುತ್ತದೆ, "ನೆಟ್ ಲೋಕಲ್‌ಗ್ರೂಪ್ ಗುಂಪಿನಹೆಸರು ಖಾತೆಯಹೆಸರು /ಆ್ಯಡ್" ಎಂದರೆ ಸದಸ್ಯರು ಸೇರುತ್ತಾರೆ. ಲೆಕ್ಕಕ್ಕೊಂದು, ಆರ್ಡರಿಗೊಂದು ಗುಂಪು ಸಾಕು. ಅನುಮತಿಯನ್ನು ಯಾವಾಗಲೂ ಗುಂಪಿಗೆ ಕೊಡಿ, ವ್ಯಕ್ತಿಗೆ ಬೇಡ. ನಾಳೆ ಗುಮಾಸ್ತರು ಬದಲಾದರೆ ಗುಂಪಿನಲ್ಲಿ ಹೆಸರು ಬದಲಿಸಿದರೆ ಆಯಿತು. ಗುಂಪಿಗೆ ಸೇರಿಸಿದ್ದು ಆ ವ್ಯಕ್ತಿ ಸೈನ್ ಔಟ್ ಆಗಿ ಮತ್ತೆ ಬಂದ ಮೇಲೆಯೇ ಜಾರಿಗೆ ಬರುತ್ತದೆ.

ಡಿಸೈನ್ ಫೋಲ್ಡರಿಗೆ: ಪ್ರಾಪರ್ಟೀಸ್ → ಸೆಕ್ಯುರಿಟಿ → ಅಡ್ವಾನ್ಸ್ಡ್ → ಡಿಸೇಬಲ್ ಇನ್‌ಹೆರಿಟೆನ್ಸ್. ಕೇಳಿದಾಗ "ಕನ್ವರ್ಟ್" ಆಯ್ಕೆ ಮಾಡಿ. "ರಿಮೂವ್ ಆಲ್" ಬೇಡ, ಅದರಿಂದ ಅಡ್ಮಿನ್ ಕೂಡ ಹೊರಗೆ ನಿಲ್ಲಬೇಕಾಗುತ್ತದೆ. ಆಮೇಲೆ ಪಟ್ಟಿಯಿಂದ ಅಥೆಂಟಿಕೇಟೆಡ್ ಯೂಸರ್ಸ್ ಮತ್ತು ಯೂಸರ್ಸ್ ತೆಗೆಯಿರಿ. ಸಿಸ್ಟಮ್ ಮತ್ತು ಅಡ್ಮಿನಿಸ್ಟ್ರೇಟರ್ಸ್ ಇರಲಿ. ಆರ್ಡರ್ ಗುಂಪಿಗೆ ಮಾಡಿಫೈ, ಲೆಕ್ಕದ ಗುಂಪಿಗೆ "ರೀಡ್ ಆ್ಯಂಡ್ ಎಕ್ಸಿಕ್ಯೂಟ್" ಕೊಡಿ. ಕೊನೆಗೆ "ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್ ಪರ್ಮಿಶನ್ ಎಂಟ್ರೀಸ್" ಟಿಕ್ ಮಾಡಿ ಅಪ್ಲೈ.

ಇಲ್ಲಿ ಎಡವುವ ಜಾಗಗಳು. "ಫುಲ್ ಕಂಟ್ರೋಲ್" ಯಾರಿಗೂ ಕೊಡಬೇಡಿ; ಅದು ಅನುಮತಿಯನ್ನೇ ಬದಲಿಸುವ ಅಧಿಕಾರ. "ಡಿನೈ" ಕಾಲಂ ಮುಟ್ಟಬೇಡಿ: ಯೂಸರ್ಸ್ ಅಥವಾ ಎವರಿವನ್ ಗುಂಪಿಗೆ ಡಿನೈ ಹಾಕಿದರೆ ಅದು ಅಡ್ಮಿನ್ನಿಗೂ ತಗಲುತ್ತದೆ, ಅಲೌಗಿಂತ ಡಿನೈ ಗೆಲ್ಲುತ್ತದೆ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಕು, ಅನುಮತಿ ಇಲ್ಲ ಎಂದೇ ಅರ್ಥ. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದ ಫೈಲು ತನ್ನ ಹಳೆಯ ಅನುಮತಿಯನ್ನು ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದರೆ ಹೊಸ ಫೋಲ್ಡರಿನ ಅನುಮತಿ ಪಡೆಯುತ್ತದೆ. "ಫೋಲ್ಡರ್ ತೆರೆಯುತ್ತದೆ, ಇದೊಂದು ಫೈಲು ತೆರೆಯಲ್ಲ" ಎಂಬ ದೂರು ಬಂದರೆ ಕಟ್ ಪೇಸ್ಟ್ ಆಗಿದೆ ಎಂದು ತಿಳಿಯಿರಿ. ಪೆನ್‌ಡ್ರೈವುಗಳು ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಅಲ್ಲಿ ಅನುಮತಿ ಎಂಬುದೇ ಇಲ್ಲ. ಹಾಗೆಯೇ ಮಾಡಿಫೈ ಎಂದರೆ ಅಳಿಸುವ ಅಧಿಕಾರವೂ ಸೇರಿ. ಆರ್ಡರ್‌ನವರ ಕೈತಪ್ಪಿನಿಂದ ಹೋದ ಡಿಸೈನನ್ನು ಯಾವ ಅನುಮತಿಯೂ ತಂದುಕೊಡದು, ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ನಕಲು ಹೋಗಲೇಬೇಕು.

---

ಬನಹಟ್ಟಿ_ಡಿಟಿಪಿ

ಅಣ್ಣಾರ, ನುಡಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕ ಎರಡು ಮಾತು.

ಬ್ಯಾರೆ ಖಾತೆ ಮಾಡಿದ ಮ್ಯಾಲ ಹಳೆ ಪತ್ರ ತಗದ್ರ ಅಕ್ಷರದ ಬದಲಿ ಇಂಗ್ಲಿಷ್ ಚೂರುಪಾರು ಕಾಣಸ್ತಾವು. ಫೈಲ್ ಕೆಟ್ಟಿಲ್ಲ. ವಿಂಡೋಸ್ 10 ರ 1809 ಆವೃತ್ತಿಯಿಂದ ಈಚೆಗೆ ಫಾಂಟ್ ಒಬ್ಬರ ಖಾತೆಗಷ್ಟೇ ಕೂಡಾಕ ಬರ್ತೈತಿ. ಸ್ಟ್ಯಾಂಡರ್ಡ್ ಖಾತೆಯೊಳಗ ಫಾಂಟ್ ಮ್ಯಾಲ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದ್ರ ಅದು ಅವರೊಬ್ಬರಿಗೇ. ಫಾಂಟ್ ಮ್ಯಾಲ ರೈಟ್ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಕೊಡ್ರಿ, ಅಡ್ಮಿನ್ ಪಾಸ್‌ವರ್ಡ್ ಕೇಳ್ತೈತಿ, ಎಲ್ಲಾರಿಗೂ ಬರ್ತೈತಿ.

ಎರಡನೇದು, ನುಡಿ ಕೀಬೋರ್ಡ್ ಚಾಲೂ ಇದ್ರೂ ವರ್ಡ್‌ನ್ಯಾಗ ಇಂಗ್ಲಿಷೇ ಬೀಳ್ತೈತಿ ಅಂದ್ರ ವರ್ಡ್ ಅಡ್ಮಿನ್ ಆಗಿ ನಡದೈತೇನು ನೋಡ್ರಿ. ಕೆಳಗಿನ ಅಧಿಕಾರದ ಪ್ರೋಗ್ರಾಮ್ ಮ್ಯಾಲಿನ ಅಧಿಕಾರದ ಕಿಟಕಿಯ ಕೀ ಹಿಡಿಯಾಕ ವಿಂಡೋಸ್ ಬಿಡೂದಿಲ್ಲ. ಎರಡೂ ಸಾದಾ ರೀತಿ ತೆರದ್ರ ಸರಿ ಆಗ್ತೈತಿ. ವಿಂಡೋಸಿನ ಸ್ವಂತ ಕನ್ನಡ ಕೀಬೋರ್ಡ್ ಬಳಸೂದಿದ್ರ ಅದು ಖಾತೆಯದ್ದು, ಪ್ರತಿ ಖಾತೆಯೊಳಗ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ನ್ಯಾಗ ಬ್ಯಾರೆ ಸೇರಸಬೇಕು.

ಮತ್ತ ಎಲ್ಲಾರಿಗೂ ಒಂದು ರೂಢಿ ಹಚ್ಚರಿ: ಎದ್ದು ಹೋಗುವಾಗ "ಸೈನ್ ಔಟ್", "ಸ್ವಿಚ್ ಯೂಸರ್" ಅಲ್ಲ. ಸ್ವಿಚ್ ಮಾಡಿದ್ರ ಹಿಂದಿನವ್ರ ಎಕ್ಸೆಲ್, ಬ್ರೌಸರ್ ಎಲ್ಲಾ ಒಳಗ ನಡದಿರ್ತಾವು. 8 ಜಿಬಿ ಸಾಲೂದಿಲ್ಲ, ಹಂಚಿಕೊಂಡ ಫೈಲ್ ತಗದ್ರ "ಲಾಕ್ಡ್ ಫಾರ್ ಎಡಿಟಿಂಗ್" ಅಂತ ಬರ್ತೈತಿ. ಡಿಜಿಟಲ್ ಸಹಿಯ ಟೋಕನ್ ಇದ್ರಂತೂ, ಅದರ ಪ್ರೋಗ್ರಾಮ್ ಒಂದು ಪೋರ್ಟ್ ಹಿಡಕೊಂಡು ಕುಂತಿರ್ತೈತಿ, ಎರಡನೇ ಖಾತೆಯೊಳಗ ಅದೇ ಪೋರ್ಟ್ ಸಿಗೂದಿಲ್ಲ.

---

ಗುಮ್ಮಟ_ನೆಟ್‌ವರ್ಕ್

ಸಂಜೀ ಮಕ್ಕಳ ಖಾತೆ ಉಳೀತು. ಇದರ ಬಗ್ಗೆ ಸಂಘದವ್ರು ಬಾಳ ಕಾಳಜಿ ಮಾಡ್ಬೇಕ್ರಿ, ಯಾಕಂದ್ರ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಡೌನ್‌ಲೋಡ್ಸ್ ಫೋಲ್ಡರಿನ್ಯಾಗ ಬಿದ್ದಿರ್ತಾವ, ಮುಂದಿನವ್ರು ನೋಡ್ತಾರ.

ವಿಂಡೋಸ್ 10 ಬಂದಾಗಿಂದ ಹಳೆ ಗೆಸ್ಟ್ ಖಾತೆ ಉಪಯೋಗಕ್ಕ ಬರೂದಿಲ್ಲ, ಮಕ್ಕಳಿಗೊಂದು ಸ್ಟ್ಯಾಂಡರ್ಡ್ ಖಾತೆ ಮಾಡ್ರಿ. ಅದರೊಳಗ ಸೆಟ್ಟಿಂಗ್ಸ್ → ಸಿಸ್ಟಮ್ → ಸ್ಟೋರೇಜ್ → ಸ್ಟೋರೇಜ್ ಸೆನ್ಸ್ ಆನ್ ಮಾಡಿ, ದಿನಾ ನಡಿಯೂ ಹಂಗಿಟ್ಟು, ಡೌನ್‌ಲೋಡ್ಸ್ 1 ದಿನ, ರೀಸೈಕಲ್ ಬಿನ್ 1 ದಿನ ಕೊಡ್ರಿ. ಇದು ಆ ಖಾತೆಯದ್ದಷ್ಟೇ, ಲೆಕ್ಕದವ್ರ ಡೌನ್‌ಲೋಡ್ಸ್ ಮುಟ್ಟೂದಿಲ್ಲ. ಅದರ ಮ್ಯಾಲ ಭರವಸೆ ಇಟ್ಟು ಕೂಡಬ್ಯಾಡ್ರಿ, ಮಕ್ಕಳಿಗೆ ಅರ್ಜಿ ಕ್ರೋಮಿನ ಗೆಸ್ಟ್ ಕಿಟಕಿಯೊಳಗ ತುಂಬಾಕ ಹೇಳ್ರಿ. ಕಿಟಕಿ ಮುಚ್ಚಿದ್ರ ಲಾಗಿನ್, ಪಾಸ್‌ವರ್ಡ್, ಹಿಸ್ಟರಿ ಹೋಗ್ತಾವ, ಡೌನ್‌ಲೋಡ್ ಆದ ಫೈಲು ಮಾತ್ರ ಉಳೀತದ.

ಹೊತ್ತು ಕಟ್ಟಬೇಕಂದ್ರ ಅಡ್ಮಿನ್ ಕಮಾಂಡಿನ್ಯಾಗ "ನೆಟ್ ಯೂಸರ್ ಖಾತೆಯಹೆಸರು /ಟೈಮ್ಸ್:ಎಂ-ಎಸ್‌ಎ,17:00-20:00". ಸೋಮವಾರದಿಂದ ಶನಿವಾರ, ಸಂಜೀ 5 ರಿಂದ 8. ಪೂರ್ತಿ ತಾಸು ಮಾತ್ರ ನಡೀತದ, 17:30 ತಗೊಳ್ಳೂದಿಲ್ಲ. ಇದು ಹೊಸ ಲಾಗಿನ್ ತಡೀತದ ಅಷ್ಟೇ, ಆಗಲೇ ಒಳಗಿದ್ದವ್ರನ್ನ 8 ಕ್ಕ ಹೊರಗ ಹಾಕೂದಿಲ್ಲ.

ಬ್ಯಾಡಾದ ಸೈಟು ತಡಿಯಾಕ ಅಡಾಪ್ಟರಿನ ಡಿಎನ್‌ಎಸ್ 1.1.1.3 ಮತ್ತು 1.0.0.3 ಇಡ್ರಿ. ವೈರಸ್ ಹಬ್ಬಿಸೋವು, ಅಶ್ಲೀಲ ಸೈಟು ಎರಡೂ ತಡೀತದ. ಐಪಿವಿ6 (ಹೊಸ ನಮೂನಿ ಐಪಿ ವಿಳಾಸ) ಮರೀಬ್ಯಾಡ್ರಿ: ನಿಮ್ಮ ಫೈಬರ್ ಐಪಿವಿ6 ಕೊಡ್ತಿದ್ರ ಕಂಪ್ಯೂಟರ್ ಆ ಕಡೆಯ ಡಿಎನ್‌ಎಸ್ ಕೇಳಿ ನೀವು ಹಾಕಿದ್ದು ದಾಟಿ ಹೋಗ್ತದ. ಅಲ್ಲಿ 2606:4700:4700::1113 ಮತ್ತು 2606:4700:4700::1003. ಕ್ರೋಮಿನ ಸೆಕ್ಯೂರ್ ಡಿಎನ್‌ಎಸ್ ಖಾತೆಯದ್ದು ಅಂತ ಮ್ಯಾಲೆ ಬಂದದ, ಅದನ್ನೂ ರಿಜಿಸ್ಟ್ರಿಯೊಳಗ ಕಟ್ರಿ: ಲೋಕಲ್ ಮಷೀನ್ → ಸಾಫ್ಟ್‌ವೇರ್ → ಪಾಲಿಸೀಸ್ → ಗೂಗಲ್ → ಕ್ರೋಮ್ ಕೀಯೊಳಗ "ಡಿಎನ್‌ಎಸ್‌ಓವರ್‌ಎಚ್‌ಟಿಟಿಪಿಎಸ್‌ಮೋಡ್" ಅನ್ನೋ ಸ್ಟ್ರಿಂಗ್, ಬೆಲೆ "ಆಫ್". ಆಮ್ಯಾಲ ಕ್ರೋಮ್ "ನಿಮ್ಮ ಸಂಸ್ಥೆ ನಿರ್ವಹಿಸ್ತದ" ಅಂತ ತೋರಿಸಿದ್ರ ಗಾಬರಿ ಆಗಬ್ಯಾಡ್ರಿ, ಅದು ನೀವ ಮಾಡಿದ್ದು.

---

ಇಳಕಲ್_ಮಗ್ಗ

ನೂಲು ಸ್ಟಾಕ್ ಸರಿಹೋಯಿತು ಸರ್, ವರ್ಚುವಲ್‌ಸ್ಟೋರಿನಲ್ಲಿ ಎರಡು ಪ್ರತಿ ಸಿಕ್ಕವು. ಕೊನೆಯ ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಕೆಲವೊಮ್ಮೆ ನೆಟ್ ಬರುವುದಿಲ್ಲ, ಐಪಿ ವಿಳಾಸ 169.254 ಎಂದು ಶುರುವಾಗುತ್ತದೆ. ಆಗ ಅಡ್ಮಿನ್ ಇಲ್ಲದಿದ್ದರೆ ಲೆಕ್ಕದವರು ಏನು ಮಾಡಬೇಕು?

---

ಗುಮ್ಮಟ_ನೆಟ್‌ವರ್ಕ್

169.254 ಅಂದ್ರ ಡಿಎಚ್‌ಸಿಪಿ ಉತ್ತರ ಬರಲಿಲ್ಲ ಅಂತ ಕಂಪ್ಯೂಟರ್ ತಾನ ಇಟ್ಕೊಂಡ ವಿಳಾಸ. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ಲಗೂ ಏಳ್ತದ, ರೌಟರ್ ಇನ್ನೂ ಎದ್ದಿರೂದಿಲ್ಲ. ಅಧಿಕಾರ ಬೇಡದ ಉಪಾಯ: ಕೇಬಲ್ ಕಿತ್ತು 10 ಸೆಕೆಂಡ್ ಬಿಟ್ಟು ಹಾಕೋದು, ಮತ್ತ ವಿಳಾಸ ಕೇಳ್ತದ. ಅದಕ್ಕೂ ಆಗಲಿಲ್ಲ ಅಂದ್ರ "ರೀಸ್ಟಾರ್ಟ್" ಕೊಡ್ರಿ. "ಶಟ್‌ಡೌನ್" ಮಾಡಿ ಮತ್ತ ಚಾಲೂ ಮಾಡೋದು ಅದಕ್ಕ ಸಮ ಅಲ್ಲ, ಫಾಸ್ಟ್ ಸ್ಟಾರ್ಟಪ್ ಇದ್ರ ಹಳೆ ಸ್ಥಿತಿನ ಎತ್ಕೊಂಡು ಬರ್ತದ.

ಲೆಕ್ಕದವ್ರಿಗೆ ಅಷ್ಟರ ಮಟ್ಟಿಗೆ ಅಧಿಕಾರ ಕೊಡಬೇಕಂದ್ರ ವಿಂಡೋಸಿನ್ಯಾಗ "ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್" ಅನ್ನೋ ಗುಂಪು ಮೊದಲೇ ಅದ. ನೆಟ್ ಲೋಕಲ್‌ಗ್ರೂಪ್ ಕಮಾಂಡಿನ್ಯಾಗ ಅದರ ಹೆಸರು ಉದ್ಧರಣ ಚಿಹ್ನೆಯೊಳಗ ಹಾಕಿ ಖಾತೆ ಸೇರಿಸಿದ್ರ ಐಪಿ ಬಿಡಿಸೋದು, ಹೊಸದು ತಗೊಳ್ಳೋದು, ಅಡಾಪ್ಟರ್ ಬಂದ್ ಚಾಲೂ ಮಾಡೋದು ಬರ್ತದ. ತಂತ್ರಾಂಶ ಕೂಡಿಸೋದು, ಬ್ಯಾರೆಯವ್ರ ಫೈಲ್ ನೋಡೋದು ಬರೂದಿಲ್ಲ. ಆದ್ರ ಐಪಿ, ಡಿಎನ್‌ಎಸ್ ಬದಲಿಸೋ ಅಧಿಕಾರನೂ ಅದರ ಜೊತಿಗೇ ಬರ್ತದ, ವೈಫೈ ಅಡಾಪ್ಟರೂ ಅವ್ರ ಕೈಗೆ ಹೋಗ್ತದ. ಅದಕ್ಕ ಒಬ್ಬರಿಗಿಂತ ಹೆಚ್ಚು ಸೇರಸಬ್ಯಾಡ್ರಿ, ಮಕ್ಕಳ ಖಾತೆಗಂತೂ ಬ್ಯಾಡ.

ಇದಕ್ಕಿಂತ ಛಲೋದು, ಫೈಬರ್ ಪೆಟ್ಟಿಗಿ ಮತ್ತು ರೌಟರ್ ಎರಡಕ್ಕೂ ಸಣ್ಣ ಡಿಸಿ ಯುಪಿಎಸ್ ಹಾಕ್ರಿ. ತಗೊಳ್ಳೋ ಮೊದಲು ಎರಡೂ ಅಡಾಪ್ಟರಿನ ಮ್ಯಾಲ ಬರದದ್ದು ಓದ್ರಿ: ವೋಲ್ಟ್ ಸರಿಯಾಗಿ ಅದೇ ಇರಬೇಕು, 12 ಅಂದ್ರ 12, ಆಂಪಿಯರ್ ಎರಡೂ ಕೂಡಿಸಿದಷ್ಟು ಅಥವಾ ಹೆಚ್ಚಿರಬೇಕು. ಪಿನ್ನಿನ ದಪ್ಪ, ಒಳಗ ಪ್ಲಸ್ ಹೊರಗ ಮೈನಸ್ ಗುರ್ತೂ ನೋಡ್ಕೋರಿ. ಫೈಬರ್ ಪೆಟ್ಟಿಗಿ ಬಿಟ್ಟು ರೌಟರಿಗಷ್ಟೇ ಹಾಕಿದ್ರ ವಿಳಾಸ ಸಿಗ್ತದ, ಪ್ರಿಂಟ್ ಆಗ್ತದ, ನೆಟ್ ಮಾತ್ರ ಕರೆಂಟ್ ಬರೂ ತನಕ ಇರೂದಿಲ್ಲ.